ನೀರಿಗಿಳಿದ ಎರಡು ಮನೆತನ

ಕರಿಬಸಪ್ಪನವರನ್ನು ನಾನು ಮೊದಲ ಸಲ ನೋಡಿದಾಗ ಅವರು ಸೊಂಟದವರೆಗೆ ನೀರಿನಲ್ಲಿದ್ದರು, ನಾನು ಕಂಠದವರೆಗೆ ಸಿಟ್ಟಿನಲ್ಲಿದ್ದೆ. ಗೋವಾ ಬಿಡುಗಡೆಯಾದ ಮರುವರ್ಷದ ಮಾತು. ಕಾಗದದ ಕಾರ್ಖಾನೆ ಬಂದು ದಾಂಡೇಲಿ ಆಗಿನ್ನೂ ಊರಾಗುತ್ತಿತ್ತು. ನಾನು, ನೀಲಕ್ಕ, ಅಲ್ಲಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಶಾಲೆಯ ಹಿಂದೆ ಒಂದು ಹೊಂಡವಿತ್ತು. ಅದರ ನೀರನ್ನೇ ಹೊತ್ತು ತಂದು ನಮ್ಮ ಮಕ್ಕಳು ಬದನೆ, ಚವಳಿ ಬೆಳೆಸುತ್ತಿದ್ದರು. ಅವತ್ತು ನೋಡಿದರೆ ಕನ್ನಡಕ ಹಾಕಿದ ಗಂಡಸೊಬ್ಬ ಹಿಟ್ಟಿನ ಜರಡಿ ಹಿಡಿದು ಹೊಂಡವನ್ನೆಲ್ಲ ರಾಡಿ ಎಬ್ಬಿಸುತ್ತಿದ್ದಾನೆ, ನನ್ನ ಮೂರನೇ ಇಯತ್ತೆಯ ಹುಡುಗರು ದಂಡೆಯ ಮೇಲೆ ಕೂತು ಕಿಸಕಿಸ ನಗುತ್ತಿದ್ದಾರೆ.

“ಏನ್ರಿ, ನೀರಾಗ ಹಿಟ್ಟು ಸಾಣಿಸಾಕ ಬಂದೀರೇನು?” ಎಂದೆ.

“ಇಲ್ರಿ ಅಕ್ಕೋರ. ಹುಳ ಹುಡಕಾಕ ಹತ್ತೇನಿ,” ಎಂದರು. ನನ್ನ ಚುಚ್ಚು ಮಾತು ಅವರಿಗೆ ತಾಗಲೇ ಇಲ್ಲ. ಧಾರವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾರಂತೆ. ಅಣ್ಣನಿಗೆ ಇಲ್ಲಿ ಕಾರ್ಖಾನೆಯಲ್ಲಿ ನೌಕರಿ, ತಾಯಿ ಹೊಳೆವ್ವನವರೂ ಅಣ್ಣನ ಹತ್ತಿರವೇ ಇದ್ದಾರಂತೆ. ಸೂಟಿ ಸಿಕ್ಕಾಗಲೆಲ್ಲ ಬಂದು ಕಾಳಿ ನದಿಯ ಮಡುಗಳಲ್ಲಿ, ಸೂಪಾ ಅಡವಿಯ ಹಳ್ಳಗಳಲ್ಲಿ, ಅನಮೋಡದ ಘಟ್ಟದವರೆಗೂ ಹೋಗಿ ನೀರಿನ ಜೀರುಂಡೆ ಹಿಡಿಯುತ್ತಾರಂತೆ. ದೊಡ್ಡವರು ಮಾಡುವ ಕೆಲಸವೇ ಇದು ಎಂದುಕೊಂಡೆ, ಅಂದೂಬಿಟ್ಟೆ.

ಅವರು ನೀರಿನಿಂದ ಎದ್ದು ಬಂದು ಒಂದು ಗಾಜಿನ ಬರಣಿಯನ್ನು ನನ್ನ ಕೈಗೆ ಕೊಟ್ಟರು. ಒಳಗೆ ಎರಡು ಕಪ್ಪು ಹುಳ. ಹುಣಸೆಬೀಜದಷ್ಟು ದೊಡ್ಡವು, ಹಾಗೇ ಮಿರಿಮಿರಿ ಮಿಂಚುತ್ತಿದ್ದವು.

“ಇವೆರಡರಾಗ ಏನ ಫರಕ ಐತಿ, ಹೇಳ್ರಿ ನೋಡೂಣು.”

“ಏನೂ ಇಲ್ಲ. ಅವಳಿ ಜವಳಿ.”

“ಉಸಿರು ತಗೊಳ್ಳಾಕ ಮ್ಯಾಲೆ ಬರೂತನಕ ತಡೀರಿ.”

ತಡೆದೆ. ಹುಡುಗರೂ ಬರಣಿಯ ಸುತ್ತ ಮುಕುರಿದರು. ಒಂದು ಹುಳ ಬಾಲದ ತುದಿಯನ್ನು ಮೇಲೆ ಮಾಡಿ, ತಲೆ ಕೆಳಗಾಗಿ ನೀರಿನ ಮೈಗೆ ತೂಗಿಬಿತ್ತು. ಇನ್ನೊಂದು ತಲೆಯನ್ನೇ ಮೇಲೆತ್ತಿ ಮೀಸೆಯಿಂದ ಗಾಳಿ ಸೆಳೆದುಕೊಂಡಿತು. ಆಮೇಲೆ ಈಜುವುದನ್ನು ನೋಡಿ ಎಂದರು. ಮೊದಲನೆಯದು ಎರಡೂ ಹಿಂಗಾಲನ್ನು ಒಟ್ಟಿಗೆ ದೋಣಿಯ ಹುಟ್ಟು ಹಾಕಿದಂತೆ ಹಾಕಿ ಸರ್ರನೆ ಹೋಗುತ್ತಿತ್ತು. ಎರಡನೆಯದು ನೆಲದ ಮೇಲೆ ನಡೆದಂತೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಮಾಡಿಕೊಂಡು ಒದ್ದಾಡುತ್ತ ಸಾಗುತ್ತಿತ್ತು. ನಿಜ ಹೇಳುತ್ತೇನೆ, ಅಷ್ಟು ವರ್ಷ ಆ ಹೊಂಡದ ನೀರು ಸೇದಿದವಳು ನಾನು, ಆ ಹುಳಗಳನ್ನು ಒಮ್ಮೆಯೂ ನೋಡಿರಲಿಲ್ಲ.

ಆಮೇಲಿನ ಸೂಟಿಗಳಲ್ಲಿ ಅವರು ಶಾಲೆಗೆ ಬಂದು ಮಕ್ಕಳಿಗೆ ಹುಳದ ಪಾಠ ಮಾಡತೊಡಗಿದರು. ಮಕ್ಕಳಿಗಿಂತ ಹೆಚ್ಚು ಕೇಳಿದವಳು ನಾನೇ. ಅವರ ಮಾತಿನ ಸಾರ ಇಷ್ಟು. ಜೀರುಂಡೆಗಳು ಮೊದಲು ನೆಲದವು. ಯಾವುದೋ ಕಾಲಕ್ಕೆ ಕೆಲವು ನೀರಿಗಿಳಿದವು. ನೀರಿಗಿಳಿದ ಮೇಲೆ ನೀರು ಕೇಳಿದಂತೆ ಮೈ ತಿದ್ದಿಕೊಳ್ಳಲೇಬೇಕು. ಮೈ ನುಣ್ಣಗಾಗಬೇಕು, ಹಿಂಗಾಲಿಗೆ ಕೂದಲಿನ ಜಾಲರಿ ಬರಬೇಕು, ರೆಕ್ಕೆಯ ಕೆಳಗೋ ಹೊಟ್ಟೆಯ ಕೆಳಗೋ ಗಾಳಿ ಕಟ್ಟಿಕೊಳ್ಳಬೇಕು. ಹೀಗಾಗಿ ಬೇರೆ ಬೇರೆ ಮನೆತನದವು ಬೇರೆ ಬೇರೆ ಕಾಲಕ್ಕೆ ಇಳಿದರೂ ಕೊನೆಗೆ ಒಂದೇ ತರಹ ಕಾಣುತ್ತವೆ. ಬರಣಿಯ ಆ ಎರಡು ಹುಳಗಳಿಗೆ ಹತ್ತಿರದ ರಕ್ತಸಂಬಂಧವೇ ಇರಲಿಲ್ಲವಂತೆ. ಮೊದಲನೆಯದರ ನಿಜವಾದ ದಾಯಾದಿ ಎಂದರೆ ಕಾಳಿಯ ದಂಡೆಯ ಮರಳಿನ ಮೇಲೆ ಬಿಸಿಲಲ್ಲಿ ಓಡುವ, ಮೈಮೇಲೆ ಚುಕ್ಕೆಯಿರುವ ನೆಲದ ಹುಳ.

“ಅದು ಹೆಂಗ ಗೊತ್ತಾಗತೈತಿ?” ಎಂದು ಕೇಳಿದೆ.

ಅವರು ಎರಡೂ ಹುಳಗಳನ್ನು ಮಗುಚಿ ಭೂತಗನ್ನಡಿ ಹಿಡಿದರು. ಮೊದಲನೆಯದರ ಹಿಂಗಾಲಿನ ಬುಡದಲ್ಲಿ ಅಗಲವಾದ ಒಂದು ತಗಡು. ಅದು ಎದೆಗೆ ಬೆಸೆದುಕೊಂಡು ಹೊಟ್ಟೆಯ ಮೊದಲ ಪಟ್ಟಿಯನ್ನು ಎರಡು ಹೋಳು ಮಾಡಿತ್ತು. ಮರಳಿನ ಹುಳಕ್ಕೂ ಅದೇ ತಗಡು, ಅದೇ ಹೋಳು. ಎರಡನೆಯ ನೀರಿನ ಹುಳಕ್ಕೆ ಅದಿಲ್ಲ, ಅದರ ಹೊಟ್ಟೆಯ ಪಟ್ಟಿ ಅಖಂಡವಾಗಿತ್ತು.

“ಕೆಲಸಕ್ಕ ಬರೂ ಗುರುತು ನಂಬಬಾರದ್ರಿ. ನೀರಾಗ ಇರಾವ್ರಿಗೆ ಎಲ್ಲಾರಿಗೂ ಹುಟ್ಟಿನಂಥಾ ಕಾಲು ಬೇಕ. ಹಿಂಗ ಪಟ್ಟಿ ಹೋಳಾಗಿ ನೀರಾಗೂ ಉಪಯೋಗಿಲ್ಲ, ಮರಳಾಗೂ ಉಪಯೋಗಿಲ್ಲ. ಆದ್ರೂ ಎರಡು ಕಡೆನೂ ಐತಿ ಅಂದ್ರ ಒಬ್ಬ ಅಪ್ಪನಿಂದನ ಬಂದಿರಬೇಕು,” ಎಂದರು.

ಇಂಥ ಮಾತು ಕೇಳಿ ಯಾರಿಗಾದರೂ ಪ್ರೀತಿ ಹುಟ್ಟುತ್ತದೆಯೇ ಎಂದು ನೀವು ನಗಬಹುದು. ನನಗೆ ಹುಟ್ಟಿತು. ಮನುಷ್ಯ ಹುಳ ನೋಡಿ ಇಷ್ಟು ವಿಚಾರ ಮಾಡಿದರೆ ಹೆಂಡತಿಯ ಮಾತನ್ನೂ ಸ್ವಲ್ಪ ವಿಚಾರ ಮಾಡಿಯಾನು ಎಂದು ಒಂದು ಆಸೆ. ಅವರಿಗೂ ಹಾಗೇ ಏನೋ ಅನಿಸಿರಬೇಕು. ಮುಂದಿನ ದೀಪಾವಳಿಗೆ ಅವರ ಅಣ್ಣ ನಮ್ಮ ಅಪ್ಪನ ಅಂಗಡಿಗೆ ಬಂದು ಹೆಣ್ಣು ಕೇಳಿದರು.

ನಮ್ಮಪ್ಪ ನಾಗಲಿಂಗಪ್ಪ. ಹಳಿಯಾಳದಲ್ಲಿದ್ದ ಅರಿವೆ ಅಂಗಡಿಯನ್ನು ಕಾರ್ಖಾನೆಯ ಹಿಂದೆಯೇ ದಾಂಡೇಲಿಗೆ ತಂದವರು. ನಾನು ಚಿಕ್ಕವಳಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಸಾಕಿ ಬೆಳೆಸಿದವಳು ಅಪ್ಪನ ತಾಯಿ ಮುದಕವ್ವ, ನನ್ನ ಆಯಿ. ಅಪ್ಪನಿಗೆ ವರ ಒಪ್ಪಿಗೆಯಾದ. ಆದರೆ ನಮ್ಮಲ್ಲಿ ಬೆಡಗು ಕೇಳದೆ ಹೆಣ್ಣು ಕೊಡುವುದಿಲ್ಲ. ಬೆಡಗು ಎಂದರೆ ತಂದೆಯಿಂದ ಮಕ್ಕಳಿಗೆ ಬರುವ ಮೂಲಪುರುಷನ ಗುರುತು. ಒಂದೇ ಬೆಡಗಿನವರು ಒಬ್ಬರನ್ನೊಬ್ಬರು ಕಣ್ಣಿಂದ ನೋಡಿರದಿದ್ದರೂ ಅಣ್ಣತಂಗಿಯರೇ. ನಮ್ಮದು ಉಪ್ಪಿನ ಬೆಡಗು. ಅವರದೂ ಉಪ್ಪಿನ ಬೆಡಗು.

ಮಠಪತಿ ಅಡಿವೆಯ್ಯನವರು ಹಳಿಯಾಳದಿಂದ ಬಂದರು. ನಮ್ಮ ಕಡೆಯ ಮನೆಮನೆಯ ವಂಶ ಅವರ ನಾಲಿಗೆಯ ಮೇಲೆ. ಅಂಗಡಿಯ ಗಾದಿಯ ಮೇಲೆ ಕೂತು ಒಂದೇ ಮಾತಿಗೆ “ಆಗೂದಿಲ್ಲ” ಎಂದರು. ಒಳಬಾಗಿಲ ಮರೆಯಲ್ಲಿ ನಿಂತು ನಾನು ಅದನ್ನು ಕೇಳಿಸಿಕೊಂಡೆ.

ಅಣ್ಣನ ಜೊತೆ ಕೂತಿದ್ದ ಕರಿಬಸಪ್ಪನವರು ಎದ್ದು ಹೋಗುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಮರುದಿನ ಬರಣಿ ಹಿಡಿದುಕೊಂಡು ಬಂದರು. ಹುಳ ತಂದು ತೋರಿಸುತ್ತೇನೆಂದು ರಾತ್ರಿ ಅವರಿಂದ ಮಾತು ಬಂದಾಗ, ಅಯ್ಯನವರ ಎದುರು ಜೀವ ತೆಗೆದ ಹುಳ ತರಬೇಡಿರೆಂದು ನಾನೇ ಹೇಳಿ ಕಳಿಸಿದ್ದೆ, ಎರಡೂ ಜೀವಂತವಾಗಿದ್ದವು. ಮಲಮಲ್ಲು, ಇಳಕಲ್ಲ ಸೀರೆಗಳ ನಡುವೆ ಬರಣಿಯಿಟ್ಟು, ನಮ್ಮ ಶಾಲೆಯಲ್ಲಿ ಮಾಡಿದ ಪಾಠವನ್ನು ಅಯ್ಯನವರಿಗೂ ಅಪ್ಪನಿಗೂ ಮಾಡಿದರು.

“ಉಪ್ಪು ಅನ್ನೂದು ಕಸಬಿನ ಹೆಸರ್ರಿ. ಎತ್ತಿನ ಮ್ಯಾಲೆ ಉಪ್ಪು ಹೇರಿ ಘಟ್ಟ ಹತ್ತಿದವ್ರಿಗೆಲ್ಲಾ ಮಂದಿ ಉಪ್ಪಿನವ್ರು ಅಂದಾರ. ನೀರಿಗಿಳಿದ ಹುಳಕ್ಕ ಹುಟ್ಟು ಬಂದಂಗ. ಅಷ್ಟರಿಂದ ಒಬ್ಬ ಅಪ್ಪನ ಮಕ್ಕಳು ಆಗೂದಿಲ್ಲ,” ಎಂದರು.

ಅಡಿವೆಯ್ಯನವರು ಸಣ್ಣವರಲ್ಲ. ಬರಣಿಯನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಹಂಗಾದ್ರ ಒಬ್ಬ ಅಪ್ಪನ ಮಕ್ಕಳು ಅಂತ ಯಾವುದರಿಂದ ಹೇಳ್ತೀಯಪಾ?”

“ಯಾತಕ್ಕೂ ಬಾರದ ಒಂದು ಗುರುತು ಎರಡೂ ಮನ್ಯಾಗ ಇರಬೇಕ್ರಿ. ಅಂಥಾದ್ದು ಸಿಕ್ಕರ ನಾನ ಹಿಂದ ಸರೀತೇನಿ.”

ಹೀಗೆ ಮಾತು ಕೊಟ್ಟುಬಿಟ್ಟರು. ಮಾತು ಕೊಡುವಾಗ ನನ್ನನ್ನು ಒಂದು ಮಾತು ಕೇಳಬೇಕಿತ್ತು ಎಂದು ಅವತ್ತೇ ನನಗೆ ಅನಿಸಿತು. ಅಯ್ಯನವರು ಅಂಥ ಗುರುತು ಹುಡುಕಿದರು. ಮನೆದೇವರು ಬೇರೆ ಬೇರೆ. ಗುರುಮಠ ಬೇರೆ. ಎರಡೂ ಮನೆಯ ಹಿರಿಯರ ಹೆಸರನ್ನು ಮೇಲಿನಿಂದ ಕೆಳಗೆ ಹೇಳಿ ನೋಡಿದರು, ಎಲ್ಲೂ ಕೂಡಲಿಲ್ಲ. “ಹೆಸರು ಒಂದ, ಮೂಲ ಬ್ಯಾರೆ. ಮಾಡ್ರಿ,” ಎಂದರು. ನಿಶ್ಚಯದ ಸಕ್ಕರೆ ಹಂಚುವ ದಿನ ಗೊತ್ತುಮಾಡುವುದೊಂದೇ ಉಳಿಯಿತು.

ಆ ವಾರವೇ ಹೊಳೆವ್ವನವರು ನನ್ನನ್ನೂ ಆಯಿಯನ್ನೂ ಊಟಕ್ಕೆ ಕರೆದರು. ಆಯಿಗೆ ಮೊಳಕಾಲು ನೋವು, ನಾನೊಬ್ಬಳೇ ಹೋದೆ. ಕಾರ್ಖಾನೆಯ ಚಾಳಿನಲ್ಲಿ ಎರಡು ಕೋಣೆಯ ಮನೆ. ಹೊಳೆವ್ವನವರು ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ನನಗೆ ಬಹಳ ಸಂತೋಷವಾಗಿತ್ತು. ಇನ್ನು ಈ ಒಲೆಯ ಮುಂದೆ ನಾನೂ ಕೂಡಬೇಕಲ್ಲ ಎಂದು ಅವರ ಕೈಯನ್ನೇ ನೋಡುತ್ತಿದ್ದೆ. ಕೊನೆಯ ರೊಟ್ಟಿ ಬಡಿದರು. ಹಂಚಿಗೆ ಹಾಕುವ ಮೊದಲು ಅದರ ನಟ್ಟನಡುವೆ ಕಿರುಬೆರಳೂರಿ ಒಂದು ತೂತು ಮಾಡಿದರು.

ನಮ್ಮ ಮನೆಯಲ್ಲೂ ದಿನಾ ಕೊನೆಯ ರೊಟ್ಟಿಗೆ ಕಿರುಬೆರಳಿನ ತೂತು. ನಾನೂ ಮಾಡುತ್ತಿದ್ದೆ, ಆಯಿಯೂ ಮಾಡುತ್ತಿದ್ದಳು. ತೂತಿನ ರೊಟ್ಟಿ ಉಬ್ಬುವುದಿಲ್ಲ, ರುಚಿಯೂ ಅಷ್ಟಕ್ಕಷ್ಟೇ. ನಾನು ಹಳಿಯಾಳದಲ್ಲಿ, ಮುಂಡಗೋಡದಲ್ಲಿ, ದಾಂಡೇಲಿಯಲ್ಲಿ ಎಷ್ಟೋ ಮನೆಗಳಲ್ಲಿ ಉಂಡಿದ್ದೇನೆ, ಬೇರೆ ಎಲ್ಲಿಯೂ ಅದನ್ನು ಕಂಡಿರಲಿಲ್ಲ.

“ಯಾಕ್ರಿ ಅದು?” ಎಂದು ಕೇಳಿದೆ.

“ಯಾಕೋ ಯಾರಿಗೆ ಗೊತ್ತವಾ. ನಮ್ಮನಿ ಪದ್ಧತಿ,” ಎಂದು ಹೊಳೆವ್ವನವರು ನಕ್ಕರು.

ಹೇಗೋ ಉಂಡು ಎದ್ದೆ. ಹೇಳದೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಒಂದು ಮನಸ್ಸು. ಆದರೆ ಮದುವೆಯಾಗಿ ಅದೇ ಒಲೆಯ ಮುಂದೆ ಕೂತು, ದಿನಾ ಆ ತೂತು ಮಾಡುತ್ತ, ದಿನಾ ಅವರ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಚಾಳಿನ ಕೊನೆಯವರೆಗೆ ಕಳಿಸಲು ಬಂದ ಕರಿಬಸಪ್ಪನವರಿಗೆ ಅಲ್ಲೇ ಹೇಳಿದೆ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

“ಅಯ್ಯನವರಿಗೆ ಹೇಳಬೇಕಾಗತೈತಿ,” ಎಂದರು.

“ಹೇಳ್ರಿ. ನಿಮ್ಮ ಹುಳದ ಮಾತು ನಿಮ್ಮ ಕೊರಳಿಗೆ ಬಂತು. ನನ್ನ ಕೊರಳಿಗೂ ತಂದ್ರಿ,” ಎಂದು ಹೇಳಿ ನಡೆದುಬಿಟ್ಟೆ. ದಾರಿಯುದ್ದಕ್ಕೂ ಅತ್ತೆ. ಶಿಫ್ಟು ಬಿಟ್ಟು ಬರುವ ಮಂದಿಯೆಲ್ಲ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

ಎರಡು ದಿನ ಬಿಟ್ಟು ಅಡಿವೆಯ್ಯನವರು ಮತ್ತೆ ಬಂದರು. ನಡುಮನೆಯಲ್ಲಿ ಅಪ್ಪ, ಅಯ್ಯನವರು, ಕರಿಬಸಪ್ಪನವರು. ಅಡುಗೆಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ, ಆಯಿ ಗೋಡೆಗೊರಗಿ ಮೆಂತ್ಯಪಲ್ಯ ಸೋಸುತ್ತಿದ್ದಳು. ಹೊರಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಕರಿಬಸಪ್ಪನವರು ರೊಟ್ಟಿಯ ತೂತಿನ ವಿಷಯವನ್ನು ಏನೂ ಬಿಡದೆ ಹೇಳಿದರು. ಅಪ್ಪ, “ನೀ ಹೇಳದಿದ್ರ ಯಾರಿಗೆ ತಿಳೀತಿತ್ತಪಾ?” ಎಂದರು. ಆ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. ಅಯ್ಯನವರು ನಿಟ್ಟುಸಿರು ಬಿಟ್ಟು, “ಹಂಗಾದ್ರ ಎರಡೂ ಒಂದ ಮನಿ. ನೀಲಕ್ಕ ನಿನಗ ತಂಗಿ ಆಗ್ತಾಳ,” ಎಂದರು.

ತಂಗಿ. ಆ ಶಬ್ದ ಕೇಳಿ ನನಗೆ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ಹಿಟ್ಟನ್ನು ಹಲಗೆಗೆ ಅಪ್ಪಳಿಸಿ ಬಡಿದೆ. ಕೊನೆಯ ರೊಟ್ಟಿ. ಕಿರುಬೆರಳು ತಾನೇ ತಾನಾಗಿ ನಡುವೆ ಹೋಗಿ ಊರಿತು. ಆ ಬೆರಳನ್ನು ನೋಡುತ್ತ ಕೂತೆ. ಈ ಬೆರಳಿಗೆ ಇದನ್ನು ಕಲಿಸಿದವರು ಯಾರು? ಅಪ್ಪ ಹುಟ್ಟಿದಾಗಿನಿಂದ ಒಂದು ರೊಟ್ಟಿ ಬಡಿದವರಲ್ಲ. ಅಪ್ಪನ ಅಪ್ಪನೂ ಬಡಿದಿರಲಾರ. ಬೆಡಗು ಗಂಡಸರಿಂದ ಬರುತ್ತದೆ. ಈ ತೂತು?

“ಆಯಿ, ಇದನ್ನ ನಿನಗ ಯಾರು ಕಲಿಸಿದ್ರು?”

“ನಮ್ಮತ್ತಿ. ನಾ ಲಗ್ನ ಆಗಿ ಬಂದಾಗ,” ಎಂದಳು ಆಯಿ, ಪಲ್ಯದಿಂದ ಕಣ್ಣೆತ್ತದೆ.

“ಅಕಿಗೆ?”

“ಅಕಿ ತವರುಮನಿಯಿಂದ ತಂದದ್ದು. ಈ ಮನ್ಯಾಗ ಮೊದಲಿದ್ದಿದ್ದಿಲ್ಲ. ಅದಕ್ಕ ಅಕಿ ಅತ್ತಿ ಅಕಿನ್ನ ಭಾಳ ಬೈತಿದ್ದಳಂತ.”

ನಾನು ಹಿಟ್ಟಿನ ಕೈಯಲ್ಲೇ ಎದ್ದು ನಡುಮನೆಗೆ ಹೋದೆ. ಮದುವೆಯಾಗಬೇಕಾದ ಹುಡುಗಿ ಹಾಗೆ ಹೋಗುವ ಪದ್ಧತಿ ಇರಲಿಲ್ಲ. ಅಪ್ಪ ಗದರಲು ಬಾಯಿ ತೆರೆದರು. ನಾನು ಕರಿಬಸಪ್ಪನವರ ಮುಂದೆ ನಿಂತಿದ್ದೆ.

“ನಿಮ್ಮ ಹುಳದಾಗ ಸೊಸಿ ಬರ್ತಾಳೇನ್ರಿ?”

ಅವರು ಗಾಬರಿಯಾಗಿ ನೋಡಿದರು.

“ಮರಳಿನ ಹುಳದ ಮಗಳನ್ನ ನೀರಿನ ಹುಳದ ಮನಿಗೆ ಕೊಡ್ತಾರೇನು? ಕೊಡೂದಿಲ್ಲ. ಅದಕ್ಕ ನಿಮ್ಮ ತಗಡು ಅಪ್ಪನಿಂದ ಮಗಗ ನೆಟ್ಟಗ ಬರ್ತೈತಿ. ನಮ್ಮ ಮನಿ ಹಂಗೇನು? ಇಲ್ಲಿ ಅರ್ಧ ಪದ್ಧತಿ ಬಾಗಿಲಾಗ ಅಕ್ಕಿ ಸೇರು ಒದ್ದು ಒಳಗ ಬಂದದ್ದು.”

ಕರಿಬಸಪ್ಪನವರ ಕಣ್ಣು ಮೊದಲು ಅರಳಿತು. ಹೊಂಡದಲ್ಲಿ ಹೊಸ ಹುಳ ಸಿಕ್ಕಾಗಲೂ ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. “ಹೌದಲ್ಲ,” ಎಂದರು, “ಹೌದಲ್ಲ.”

ಅಡಿವೆಯ್ಯನವರು ಅಷ್ಟು ಬೇಗ ಸೋಲುವವರಲ್ಲ. “ಸೊಸಿ ತಂದಾಳ ಅಂತನ ಇಟ್ಟುಕೋ. ಮೂರನೇ ಯಾವುದೋ ಮನಿ ಹೆಣ್ಣುಮಕ್ಕಳು ಎರಡೂ ಕಡೆ ಬಂದು ತಂದಿರಬಹುದು. ಅದರಿಂದ ನಿಮ್ಮಿಬ್ಬರ ಬೆಡಗು ಬ್ಯಾರೆ ಅಂತ ಆಗೂದಿಲ್ಲಲ್ಲ ತಂಗಿ,” ಎಂದರು. ನ್ಯಾಯದ ಮಾತೇ. ನಾನು ಆಯಿಯನ್ನು ಕೈಹಿಡಿದು ಹೊರಗೆ ಕರೆತಂದೆ. ಗಂಡಸರ ಮುಂದೆ ಆಕೆ ಸೆರಗು ಮುಂದೆಳೆದುಕೊಂಡು ಕಂಬಕ್ಕೊರಗಿ ಕೂತಳು.

“ಯವ್ವಾ, ನಿಮ್ಮತ್ತಿ ತವರುಮನಿ ಯಾವೂರು?” ಎಂದು ಅಯ್ಯನವರು ಕೇಳಿದರು.

“ಅಮ್ಮಿನಭಾವಿರಿ. ಧಾರವಾಡದ ಮಗ್ಗಲಕ.”

ಕರಿಬಸಪ್ಪನವರು ಎದ್ದು ನಿಂತುಬಿಟ್ಟರು. ಅವರ ಹಿರಿಯರ ಊರು ಅದೇ.

“ಅಲ್ಲಿ ಯಾರ ಮನಿ?”

“ಅವರೂ ಉಪ್ಪಿನವರ್ರಿ. ನಮ್ಮತ್ತಿ ನಗತಿದ್ದಳು, ಉಪ್ಪಿನವರ ಮನಿಯಿಂದ ಉಪ್ಪಿನವರ ಮನಿಗೆ ಬಂದೆ, ಸಪ್ಪನ್ನದ್ದು ಉಣ್ಣೂದು ತಪ್ಪಲಿಲ್ಲ ಅಂತ. ಅಕಿ ಲಗ್ನದಾಗೂ ಹಿಂಗ ಜಗಳ ಆಗಿತ್ತಂತ. ಆಮ್ಯಾಲೆ ಹಿರಿಯರು ಕೂತು ಬಗೀಹರಿಸಿದರಂತ. ಈ ಮನಿಯವರ ಉಪ್ಪು ಗೋವಾದ್ದು, ಅನಮೋಡದ ಮ್ಯಾಲೆ ಬಂದದ್ದು. ಅವರ ಉಪ್ಪು ಕುಮಟಾದ್ದು. ಉಪ್ಪು ಬ್ಯಾರೆ, ದಾರಿ ಬ್ಯಾರೆ, ಅಪ್ಪ ಬ್ಯಾರೆ. ಹಿಂಗಂತ ಅಂದು ಹೆಣ್ಣು ಕೊಟ್ಟರಂತ.”

“ನಮ್ಮಜ್ಜ ಕುಮಟಾದ ಉಪ್ಪು ಅಂತಿದ್ದ,” ಎಂದರು ಕರಿಬಸಪ್ಪನವರು ಮೆಲ್ಲಗೆ. ಎರಡು ಹುಳಗಳು ಬೇರೆ ಬೇರೆ ದಂಡೆಯಿಂದ ಇಳಿದಿದ್ದವು, ಅಷ್ಟೇ. ಒಂದು ದಂಡೆಯ ಮಗಳು ಇನ್ನೊಂದು ದಂಡೆಗೆ ಹೋಗಿದ್ದಳು.

ಅಪ್ಪ ತಲೆ ಮೇಲೆ ಕೈಹೊತ್ತುಕೊಂಡರು. “ಯವ್ವಾ, ಇಷ್ಟು ಗೊತ್ತಿದ್ದಾಕಿ ಇಷ್ಟು ದಿನ ಯಾಕ ಸುಮ್ಮನ ಕೂತಿ?”

“ಹುಡುಗ ಧಾರವಾಡದಾಂವ ಅಂದ್ರಿ. ಅಮ್ಮಿನಭಾವಿ ಅಂತ ನನಗ ಯಾರು ಹೇಳಿದ್ರಿ? ನೀವು ಗಂಡಸರ ಹೆಸರು ಎಣಿಸಾಕ ಹತ್ತಿದ್ರಿ. ನಾ ನಡುವ ಏನಂತ ಬಾಯಿ ಹಾಕಲಿ?” ಎಂದಳು ಆಯಿ. ಆಕೆಯ ದನಿಯಲ್ಲಿ ದೂರೇನೂ ಇರಲಿಲ್ಲ. ಸಿಟ್ಟು ಬಂದದ್ದು ನನಗೆ.

ಅಡಿವೆಯ್ಯನವರು ಕಣ್ಣುಮುಚ್ಚಿ ಎರಡೂ ವಂಶವನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡರು. ತುಟಿಗಳು ಅಲ್ಲಾಡುತ್ತಿದ್ದವು. ಆಮೇಲೆ ಕಣ್ಣುಬಿಟ್ಟು, “ಅಂದು ಹಿರಿಯರು ಕೊಟ್ಟದ್ದನ್ನ ಇಂದು ನಾ ಬ್ಯಾಡ ಅನ್ನಾಂವಲ್ಲ. ಆ ತಾಯಿ ನಡುವ ಇದ್ದಳು, ನನ್ನ ಬಾಯಾಗ ಅಕಿ ಬಂದಿದ್ದಿಲ್ಲ. ಇನ್ನ ಮ್ಯಾಲೆ ಅಕಿನ್ನ ಸೇರಿಸಿ ಹೇಳ್ತೇನಿ. ಹೆಸರೇನವಾ ಅಕಿದು?” ಎಂದರು.

“ನಾ ಅತ್ತಿ ಅಂತಿದ್ನಿರಿ,” ಎಂದಳು ಆಯಿ.

ಅಯ್ಯನವರು ಅಪ್ಪನ ಮುಖ ನೋಡಿದರು. ಅಪ್ಪನಿಗೆ ಆಕೆ ಬರೀ ತಂದೆಯ ತಾಯಿ. ಕರೆಯುತ್ತಿದ್ದುದು ದೊಡ್ಡಾಯಿ ಎಂದು. ಆಕೆಯ ತೊಡೆಯ ಮೇಲೆ ಆಡಿದ್ದು ನೆನಪಿತ್ತು, ಹೆಸರು ನೆನಪಿರಲಿಲ್ಲ. ನೆನಪಿಗೆ ಬರಲು ಯಾರಾದರೂ ಒಮ್ಮೆ ಆಕೆಯನ್ನು ಹೆಸರು ಹಿಡಿದು ಕರೆದಿರಬೇಕಲ್ಲ.

ನಮ್ಮ ಮದುವೆ ಆಯಿತು. ಮದುವೆಯ ನಂತರ ನಾವಿಬ್ಬರೂ ಅಮ್ಮಿನಭಾವಿಗೆ ಹೋಗಿ ವಯಸ್ಸಾದವರನ್ನೆಲ್ಲ ಕೇಳಿದೆವು. “ಹಳಿಯಾಳಕ್ಕ ಕೊಟ್ಟಾಕಿ” ಎಂದು ಒಬ್ಬ ಮುದುಕನಿಗೆ ನೆನಪಿತ್ತು. ಅಷ್ಟೇ. ಹುಟ್ಟಿದ ಮನೆಯಲ್ಲಿ ಕೊಟ್ಟ ಊರಿನ ಹೆಸರು, ಬಂದ ಮನೆಯಲ್ಲಿ ಅತ್ತೆಯೆಂಬ ಹೆಸರು. ಕರಿಬಸಪ್ಪನವರು ಮರಳುವ ದಾರಿಯಲ್ಲಿ ಬಸ್ಸಿನ ಕಿಟಕಿಯ ಹೊರಗೆ ನೋಡುತ್ತ, ತಮ್ಮ ಜೀರುಂಡೆಗಳಲ್ಲಿ ಹೆಣ್ಣನ್ನೂ ಗಂಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ ಎಂದರು. ನನ್ನನ್ನು ಸಮಾಧಾನ ಮಾಡಲು ಅಂದ ಮಾತು. ನನಗೆ ಸಮಾಧಾನವಾಗಲಿಲ್ಲ.

ಮುಂದಿನ ವರ್ಷ ಮಗಳು ಹುಟ್ಟಿದಳು. ನಮ್ಮಲ್ಲಿ ತೀರಿಹೋದ ಹಿರಿಯಳ ಹೆಸರನ್ನು ಮೊದಲ ಹೆಣ್ಣಿಗಿಡುವ ಪದ್ಧತಿ. ಬಸುರಿಯಿದ್ದಾಗಲೇ ನಾನು ನಿಶ್ಚಯ ಮಾಡಿದ್ದೆ, ಇಟ್ಟರೆ ರೊಟ್ಟಿಯ ತೂತು ತಂದ ಆ ತಾಯಿಯದೇ ಇಡಬೇಕೆಂದು. ಅಷ್ಟರಲ್ಲಿ ಯಾರಿಗಾದರೂ ನೆನಪಾದೀತು ಎಂಬ ಆಸೆಯಿತ್ತು. ಯಾರಿಗೂ ನೆನಪಾಗಲಿಲ್ಲ. ಹೆಂಗಸರೆಲ್ಲ ಕೂಡಿ ಕೂಸನ್ನು ತೊಟ್ಟಿಲಿಗೆ ಹಾಕಿದರು. ಹೊಳೆವ್ವನವರು ಕೂಸಿನ ಕಿವಿಯ ಹತ್ತಿರ ಬಾಯಿ ತಂದು, ನನ್ನ ಕಡೆ ತಿರುಗಿ, “ಹೇಳವಾ, ಏನಂತ ಕೂಗಲಿ?” ಎಂದರು. ನಾನು ಆಯಿಯ ಮುಖ ನೋಡಿದೆ. ಆಯಿ ತಲೆ ತಗ್ಗಿಸಿ ಅಳುತ್ತಿದ್ದಳು.